ಡೇರಿ ತಿರುವಿನ ಸದ್ದು

ಕಾರು ಸದ್ದು ಮಾಡುತ್ತಿಲ್ಲ. ಊರಿಗಾಂನ ಗ್ಯಾರೇಜು ಬಿಟ್ಟು ಬಂಗಾರಪೇಟೆಯ ರೈಲ್ವೆ ಗೇಟು ಬರುವವರೆಗೂ ಮುನೀಂದ್ರನ ತಲೆಯಲ್ಲಿ ಇದೊಂದೇ. ಎಂಜಿನ್ ಓಡುತ್ತಿದೆಯೋ ನಿಂತುಹೋಗಿದೆಯೋ ಎಂದು ಎರಡು ಮೂರು ಕಡೆ ಕ್ಲಚ್ ಒತ್ತಿ, ಕಿಟಕಿಯ ಗಾಜು ಇಳಿಸಿ, ಕಿವಿಗೊಟ್ಟು ಕೇಳಿದ. ಗೇಟು ಹಾಕಿದ್ದರು. ನಿಂತ ಕಾರಿನಲ್ಲಿ ಅಷ್ಟು ಹೊತ್ತು ಏನೂ ಕೇಳಿಸದೆ ಇದ್ದಾಗ, ಅಯ್ಯೋ ಆಫ್ ಆಗಿಯೇ ಹೋಯಿತಲ್ಲ ಎಂದು ಹೌಹಾರಿ ಕೀಲಿ ತಿರುಗಿಸಿಬಿಟ್ಟ. ಓಡುತ್ತಿದ್ದ ಎಂಜಿನ್ನಿನ ಮೇಲೆ ಸ್ಟಾರ್ಟರು ಕರ್ರೆಂದು ಕಿರುಚಿಕೊಂಡಿತು. ಪಕ್ಕದಲ್ಲಿದ್ದ ಬೈಕಿನವನು ಹೆಲ್ಮೆಟ್ಟಿನೊಳಗೇ ನಕ್ಕ. ಇಪ್ಪತ್ತು ವರ್ಷದಿಂದ ಕಾರು ಓಡಿಸುವವನು ನಿನ್ನೆ ಮೊನ್ನೆ ಕಲಿತವನ ಹಾಗೆ ಮಾಡಿದೆನಲ್ಲ ಎಂದು ಮುನೀಂದ್ರನ ಕಿವಿ ಬಿಸಿಯಾಯಿತು. ಮೂರು ಲಕ್ಷ ಕಿಲೋಮೀಟರು ದಾಟಿದ ಮೇಲೆ ಮೀಟರೇ ಬೇಸತ್ತು ನಿಂತುಹೋಗಿದ್ದ ಕಾರು ಇದು. ಇದರ ಒಂದೊಂದು ಸದ್ದೂ ಅವನಿಗೆ ಬಾಯಿಪಾಠವಾಗಿತ್ತು. ಟ್ಯಾಪೆಟ್ಟಿನ ಟಕಟಕ, ಎರಡನೇ ಗೇರಿನ ಕೊರಗು, ತೂತುಬಿದ್ದ ಸೈಲೆನ್ಸರಿನ ಗೊರಗೊರ. ಹಾಲಿನ ಡೇರಿಯ ತಿರುವಿನಲ್ಲಿ ಅದು ತಿರುಗಿದರೆ ಸಾಕು, ಮುನೀಂದ್ರ ಬಂದ ಎಂದು ಅರ್ಧ ಊರಿಗೆ ಗೊತ್ತಾಗುತ್ತಿತ್ತು. ಈಗ ಅದೇ ಸ್ಟೇರಿಂಗ್ ಹಿಡಿದಿದ್ದಾನೆ, ಅದೇ ಸೀಟಿನ ಹರಕಲ್ಲಿ ಕೂತಿದ್ದಾನೆ, ಆದರೆ ಬೇರೆ ಯಾರದೋ ಮನೆಯೊಳಗೆ ಚಪ್ಪಲಿ ಬಿಡದೆ ನುಗ್ಗಿದ ಹಾಗೆ ಮುಜುಗರ.

ಇದೆಲ್ಲ ಶುರುವಾದದ್ದು ಕಾಮಸಮುದ್ರ ರಸ್ತೆಯ ಏರಿನಲ್ಲಿ. ಬೆಳಗಿನ ರೈಲಿಗೆ ಜನರನ್ನು ಬಂಗಾರಪೇಟೆ ಸ್ಟೇಷನ್ನಿಗೆ ಬಿಡುವುದು, ಸಂಜೆ ಕರೆತರುವುದು ಅವನ ಕೆಲಸ. ಆವತ್ತು ಐದು ಜನ ತುಂಬಿದ್ದರು. ಅರ್ಧ ಏರಿನಲ್ಲಿ ಕಾರು ಉಬ್ಬಸ ಬಂದ ಮುದುಕನ ಹಾಗೆ ಏದುಸಿರು ಬಿಟ್ಟು, ಇನ್ನು ನನ್ನ ಕೈಲಾಗದು ಎಂದು ನಿಂತೇಬಿಟ್ಟಿತು. ದಿನಾ ಮುಂದಿನ ಸೀಟಿನಲ್ಲಿ ಕೂರುವ ಆದಿನಾರಾಯಣ, "ಮುನೀಂದ್ರಣ್ಣಾ, ಇಳ್ದು ತಳ್ಳಾಣಾ, ಇಲ್ಲ ಮಂಗಳಾರತಿ ಎತ್ತಾಣಾ?" ಎಂದ. ಎಲ್ಲರೂ ಇಳಿದರು. ಖಾಲಿ ಕಾರು ಹೇಗೋ ತೆವಳಿಕೊಂಡು ಏರು ಹತ್ತಿತು, ಜನ ಹಿಂದೆ ನಡೆದುಕೊಂಡು ಬಂದರು, ಹಿಂದಿನ ಸೀಟಿನ ಹೆಂಗಸೊಬ್ಬಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಂದು ಮಾತೂ ಆಡದೆ ಒಳಗೆ ಕೂತಳು. ಸ್ಟೇಷನ್ನು ಮುಟ್ಟುವಷ್ಟರಲ್ಲಿ ರೈಲಿನ ಬಾಲ ಕಾಣುತ್ತಿತ್ತು. ಆ ಹೆಂಗಸು ಮಾತಾಡದೆ ಕೂತ ರೀತಿ ಮುನೀಂದ್ರನಿಗೆ ಊಟ ಸೇರದಂತೆ ಮಾಡಿತು. ಬೈದಿದ್ದರೆ ಆಗುತ್ತಿತ್ತು. ಹೊಸ ಕಾರು ಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ, ಇದಕ್ಕೇ ಹೊಸ ಜೀವ ತುಂಬುತ್ತೇನೆ, ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿಸಿ ಆದಿನಾರಾಯಣನ ಬಾಯಿ ಮುಚ್ಚಿಸುತ್ತೇನೆ ಎಂಬ ಹಟ. ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿಯ ಹಳೇ ಕಟ್ಟಡವೊಂದರ ಬೆನ್ನಿಗೆ ತಗಡು ಇಳಿಸಿಕೊಂಡು ಗ್ಯಾರೇಜು ಇಟ್ಟಿರುವ ವಿಜಯಕುಮಾರ್ ಮೊದಲು ತಮಿಳುನಾಡಿನಲ್ಲಿ ರೇಸಿನ ಕಾರುಗಳಿಗೆ ಕೈಹಾಕಿದ್ದವನು. ಬಾನೆಟ್ ಎತ್ತಿ ನೋಡಿ, "ಅಣ್ಣೇ, ಇಷ್ಟು ಓಡಿರೋ ವಂಡಿಗೆ ನೇರವಾಗಿ ಪವರ್ ಕೊಟ್ರೆ ಒಡ್ದೋಗ್ಬಿಡುತ್ತೆ. ಮೊದಲು ಒಳಗಿನ ಸವಕಲು ಸರಿ ಮಾಡೋಣ, ಬ್ರೇಕು ಮಾಡೋಣ, ಆಮೇಲೆ ಓಟ ಪಾಕಲಾಂ, ನೋಡೋಣ," ಎಂದಿದ್ದ. ಸಿಲಿಂಡರ್ ಕೊರೆದು ದಪ್ಪ ಪಿಸ್ಟನ್ನು ಹೊಸ ರಿಂಗು ಹಾಕಿದ, ಹೆಡ್ಡಿನ ಗಾಳಿದಾರಿಗಳನ್ನು ಉಜ್ಜಿ ಉಜ್ಜಿ ನಯಮಾಡಿದ, ಕ್ಯಾಮ್ ಬದಲಿಸಿದ, ಹೊಗೆ ಸರಾಗವಾಗಿ ಹೋಗುವ ಹಾಗೆ ನಾಲ್ಕು ಕೊಳವೆಯ ಹೊಸ ಪೈಪು ಕೂರಿಸಿದ. ಸದ್ದು ಬೇಡ, ಹುಡುಗರ ಬೈಕಿನ ಹಾಗೆ ಬೊಬ್ಬೆ ಹೊಡೆಯಬಾರದು ಎಂದು ಹಟ ಹಿಡಿದವನು ಮುನೀಂದ್ರನೇ. ಅದಕ್ಕೇ ದೊಡ್ಡ ಸೈಲೆನ್ಸರು, ಎಂಜಿನ್ನಿನ ಅಡಿಗೆ ಹೊಸ ರಬ್ಬರು. ಇವತ್ತು ಗಾಡಿ ಬಿಡಿಸಿಕೊಳ್ಳುವಾಗ ಮುನೀಂದ್ರ ತನ್ನ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದ. ಹಳೇ ಡ್ರೈವರುಗಳು ಎಂಜಿನ್ನಿನ ರೋಗ ಹಿಡಿಯುವುದು ಹಾಗೆ. ಏನೂ ಇಲ್ಲ. ಹೊಲಿಗೆ ಯಂತ್ರದ ಸದ್ದಾದರೂ ಇದಕ್ಕಿಂತ ಜಾಸ್ತಿ.

ಗಾಡಿಯನ್ನು ಗ್ಯಾರೇಜಿಗೆ ಒಯ್ಯುವ ಹಿಂದಿನ ದಿನ ಹೆಂಡತಿ ಶಶಿರೇಖ, "ಪವರ್ ಬೇಕಾದ್ರೆ ಮಾಡಿಸ್ಕೊಳ್ಳಿ. ಆ ಸದ್ದ್ ಇರ್ಲಿ ಬಿಡಿ," ಎಂದಿದ್ದಳು. ಯಾಕೆ ಎಂದರೆ ಪಾತ್ರೆ ತಿಕ್ಕುತ್ತಲೇ, "ಎಮ್ಮೆ ಕರ ದಾರಿ ಬಿಡ್ತವೆ," ಎಂದಳು. ಹೆಂಗಸರ ಬುದ್ಧಿ ಎಂದು ನಕ್ಕುಬಿಟ್ಟಿದ್ದ. ಮಾರನೆಯ ಬೆಳಗ್ಗೆ ಅಪ್ಪ ಮುನಿಸ್ವಾಮಪ್ಪ ಮಂಚದಿಂದ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದು, ಕಾರಿನ ಹಿಂಬದಿಯಲ್ಲಿ ಗೊರಗೊರ ಎನ್ನುವ ಸೈಲೆನ್ಸರಿನ ಪಕ್ಕ ನಿಂತುಕೊಂಡ. ಬಾಯಿ ತೆರೆದ, ಮುಚ್ಚಿದ. ಡಿಕ್ಕಿಯ ಮೇಲೆ ಅಂಗೈ ಇಟ್ಟ. "ಇವತ್ತ್ ಬ್ಯಾಡಪ್ಪಾ, ರೆಡಿಯಾಗಿ ಬರ್ಲಿ, ಒಂದು ರೌಂಡ್ ಕರ್ಕೊಂಡೋಗ್ತೀನಿ," ಎಂದು ಮುನೀಂದ್ರ ಕೂಗಿ ಹೇಳಿದ. ಅಪ್ಪ "ಊಂ" ಎಂದ. ಅಪ್ಪ ಅವನೊಡನೆ ಆಡುವುದೇ ಅಷ್ಟು, ಒಂದು ಊಂ, ತಪ್ಪಿದರೆ ಒಂದು ಆಯ್ತು.

ಅಪ್ಪನ ಆ ಮೌನದ ಕಥೆಯನ್ನು ಮುನೀಂದ್ರ ಎಷ್ಟು ಜನರಿಗೆ ಹೇಳಿಲ್ಲ! ಕೋಲಾರದಿಂದಲೋ ಬೆಂಗಳೂರಿನಿಂದಲೋ ಬಂದವರು ಗಣಿ ನೋಡಬೇಕೆಂದು ಕಾರು ಹತ್ತಿದರೆ, ಗಣಿಯ ಮಣ್ಣು ಸುರಿದು ಸುರಿದು ಆದ ಬೆಟ್ಟಗಳು ಕಾಣುವ ಜಾಗದಲ್ಲಿ ಕಾರಿನ ವೇಗ ತಾನಾಗಿ ತಗ್ಗುತ್ತಿತ್ತು. "ನಮ್ಮಪ್ಪ ಕೋರಮಂಡಲ್ ಗಣೀಲಿ ಬೆಲ್ ಒಡೀತಿದ್ದೋರು ಸಾರ್. ಆಳು ಇಳಿಯೋ ತೊಟ್ಟಿಲು ಏರ್ಬೇಕಾ, ಇಳೀಬೇಕಾ, ನಿಲ್ಬೇಕಾ, ಎಲ್ಲ ಅವ್ರ್ ಕೈಯಾಗೆ. ಅದು ಮುಚ್ಚಿದ ದಿನಾನೇ ನಮ್ಮಪ್ಪನ ಮಾತೂ ನಿಂತೋಯ್ತು ಸಾರ್." ಇಲ್ಲಿ ಒಂದು ಉಸಿರು ಬಿಡುತ್ತಿದ್ದ. ಗೇರು ಬದಲಿಸುತ್ತಿದ್ದ. ಹಿಂದೆ ಕೂತವರು ಛೆ ಛೆ ಎನ್ನುತ್ತಿದ್ದರು, ಕೆಲವರು ಕಿಟಕಿಯಿಂದ ಬೆಟ್ಟದ ಫೋಟೋ ತೆಗೆಯುತ್ತಿದ್ದರು. ಆ ಛೆ ಛೆ ಅವನಿಗೆ ಹಿತವಾಗಿರುತ್ತಿತ್ತು, ಅದನ್ನೇಕೆ ಮುಚ್ಚಿಡಬೇಕು. ಹಾಲಿನ ಡೇರಿಯ ಮುನಿನಾರಾಯಣಪ್ಪ ಒಂದೆರಡು ಸಲ, "ನಿಮ್ಮಪ್ಪನ್ ಕೈಲಿ ಮಾತಾಡಿ ಗೆಲ್ಲೋಕಾಯ್ತದಾ ಮಾರಾಯಾ," ಎಂದಿದ್ದುಂಟು. ಪಾಪ, ಹಿಂದಿನದನ್ನು ನೆನೆಸಿಕೊಂಡು ಒಳ್ಳೇ ಮಾತಾಡುತ್ತಾನೆ ಎಂದುಕೊಂಡು ಮುನೀಂದ್ರ ತಲೆಯಾಡಿಸಿದ್ದ.

ಬಂಗಾರಪೇಟೆ ದಾಟಿ ಕಾಮಸಮುದ್ರದ ರಸ್ತೆ ಹಿಡಿದಾಗ ಆ ಏರು ಬಂತು. ಅದನ್ನು ಇಳಿದು, ಬುಡದಲ್ಲಿ ಕಾರನ್ನು ಸ್ಟೇಷನ್ನಿನ ಕಡೆಗೆ ತಿರುಗಿಸಿದ. ಮೂರನೇ ಗೇರಿನಲ್ಲೇ ಒತ್ತಿದ. ಸೀಟು ಬೆನ್ನನ್ನು ಮುಂದಕ್ಕೆ ದಬ್ಬಿತು, ಕಾರು ಏರನ್ನು ಏರೆಂದೇ ಲೆಕ್ಕಿಸದೆ ಸುಯ್ಯೆಂದು ಹತ್ತಿಬಿಟ್ಟಿತು. "ಅಬ್ಬಬ್ಬಾ!" ಎಂದು ಖಾಲಿ ಕಾರಿನಲ್ಲಿ ಜೋರಾಗಿ ಕೂಗಿಕೊಂಡ. ಹಿಂದೆ ಬರುತ್ತಿದ್ದ ಹಾಲಿನ ವ್ಯಾನು ಕನ್ನಡಿಯಲ್ಲಿ ಚಿಕ್ಕದಾಗುತ್ತಾ ಹೋಯಿತು. ಯಾರಿಗಾದರೂ ತೋರಿಸಬೇಕೆನಿಸಿತು, ಈಗಲೇ, ಈ ಗಳಿಗೆಯೇ. ಆದಿನಾರಾಯಣನ ನೆನಪೇ ಆಗಲಿಲ್ಲ. ಅಪ್ಪನನ್ನು ಕೂರಿಸಿಕೊಳ್ಳಬೇಕು, ಇದೇ ಏರಿಗೆ ಕರೆತರಬೇಕು, ಯಂತ್ರದ ಸದ್ದಿನಲ್ಲೇ ಬದುಕು ಕಳೆದ ಮನುಷ್ಯ, ಇದರ ಓಟ ಕಂಡು ಎರಡು ಮಾತು ಆಡದೆ ಇರುತ್ತಾನೆಯೇ? ಮನೆಗೆ ಹೋಗಿ ಎಲ್ಲರನ್ನೂ ಬೆಚ್ಚಿಬೀಳಿಸಬೇಕು ಎಂದುಕೊಂಡು ಕಾರನ್ನು ಮತ್ತೆ ಊರ ಕಡೆಗೆ ತಿರುಗಿಸಿದ. ಸಂಜೆಯ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಈ ಹೊತ್ತಿನಲ್ಲಿ ಅವನು ಮನೆಗೆ ಬರುವವನೇ ಅಲ್ಲ. ಡೇರಿ ತಿರುವಿನಲ್ಲಿ ಮಲಗಿದ್ದ ಎಮ್ಮೆಯೊಂದು ನಿಜವಾಗಿಯೂ ದಾರಿ ಬಿಡಲಿಲ್ಲ. ಅದನ್ನು ಬಳಸಿಕೊಂಡು ಇಳಿಜಾರು ಹತ್ತಿ, ಹಸುವಿನ ಕೊಟ್ಟಿಗೆಯ ಹಿಂದೆ, ದಿನಾ ನಿಲ್ಲಿಸುವ ಹೊಂಗೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದ. ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿದ. ನಾಯಿ ಬಂದು ಕಾಲು ಮೂಸಿ ಬಾಲ ಅಲ್ಲಾಡಿಸಿತು. ಅಡುಗೆಮನೆಯ ಗೋಡೆ ಅಲ್ಲಿಂದ ಕೈಗೆಟಕುವಷ್ಟು ಹತ್ತಿರ, ಆದರೆ ಆ ಕಡೆ ಕಿಟಕಿಯಿಲ್ಲ, ತಲೆಗಿಂತ ಎತ್ತರದಲ್ಲಿ ಹೊಗೆ ಹೋಗುವ ಗೂಡು ಮಾತ್ರ.

ಆ ಗೂಡಿನಿಂದ ನಗು ಬರುತ್ತಿತ್ತು. ನಗು ಎಂದರೆ ಸಣ್ಣದಲ್ಲ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕದೆ, ಸಾಕು ಸಾಕು ಎನ್ನುತ್ತ ನಗುವ ನಗು. ಟೀವಿ ಹಾಕಿದ್ದಾರೆ ಎಂದುಕೊಂಡ. ನೆಂಟರು ಬಂದಿರಬೇಕು ಎಂದುಕೊಂಡ, ಯಾರು ಬಂದರು ಈ ಹೊತ್ತಿನಲ್ಲಿ, ಚಪ್ಪಲಿ ಕಾಣಲಿಲ್ಲವಲ್ಲ. ಆಮೇಲೆ ಆ ನಗು ಶಶಿರೇಖಳದು ಎಂದು ಗೊತ್ತಾಯಿತು. ಅವಳು ಹೀಗೆ ನಗುತ್ತಾಳೆಯೇ? ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಸೆರಗು ಬಾಯಿಗೊತ್ತಿ ಮುಗುಳುನಕ್ಕದ್ದು ಬಿಟ್ಟರೆ ಅವನಿಗೇನೂ ಗೊತ್ತಿರಲಿಲ್ಲ. ಅದರ ನಡುವೆ ಮಗಳು ಸುಮಿತಾ, ಕಾಲೇಜಿನಿಂದ ಬಂದವಳು ಕೋಣೆ ಸೇರಿ ಪುಸ್ತಕದಲ್ಲಿ ಮುಖ ಹುದುಗಿಸುವ ಹುಡುಗಿ, "ಇನ್ನೊಂದ್ ಸಲ, ಇನ್ನೊಂದ್ ಸಲ," ಎಂದು ಗೋಗರೆಯುತ್ತಿದ್ದಳು. ಮತ್ತೊಂದು ದನಿ. ಗಡಸು ದನಿ, ಕೆಮ್ಮು ಬೆರೆತದ್ದು, ಒಂದು ಮಾತಿನ ಬಾಲ ಹಿಡಿದು ಇನ್ನೊಂದು, ಮಧ್ಯೆ ತೆಲುಗು, ಮಧ್ಯೆ ಗಣಿ ಕೂಲಿಗಳ ಲೈನು ಮನೆಗಳ ತಮಿಳು, ಸಂತೆಯಲ್ಲಿ ಔಷಧಿ ಮಾರುವವನ ಹಾಗೆ ಏರಿ ಇಳಿದು ಹರಿಯುತ್ತಿತ್ತು. ಯಾರದು ಈ ದನಿ ಎಂದು ಮುನೀಂದ್ರ ಯೋಚಿಸಿದ. ಎಲ್ಲೋ ಕೇಳಿದ್ದೇನೆ, ತುಂಬ ಹಿಂದೆ, ಚಿಕ್ಕವನಿದ್ದಾಗ, ಹೆಗಲ ಮೇಲೆ ಕೂತಿದ್ದಾಗ ಕೆಳಗಿನಿಂದ ಬರುತ್ತಿದ್ದ ದನಿ.

ಗೊತ್ತಾದಾಗ ಅವನು ಕೈ ಚಾಚಿ ಕಾರಿನ ಬಾನೆಟ್ಟನ್ನು ಹಿಡಿದುಕೊಂಡ. ಅದಿನ್ನೂ ಬಿಸಿಯಾಗಿತ್ತು, ಕೈ ಸುಟ್ಟಿತು, ತೆಗೆಯಲು ತೋಚಲಿಲ್ಲ. ಅಪ್ಪ ಮಾತಾಡುತ್ತಿದ್ದಾನೆ. ಅಪ್ಪನಿಗೆ ಬಾಯಿ ಬಂದಿದೆ! ಮೊದಲು ಹೊಳೆದದ್ದು ಅದೇ, ಏನೋ ಪವಾಡ ನಡೆದುಹೋಗಿದೆ, ಇವತ್ತೇ, ಈಗಲೇ ಮಾತು ಬಂದುಬಿಟ್ಟಿದೆ, ಅದಕ್ಕೇ ಇವರೆಲ್ಲ ಹುಚ್ಚು ಹಿಡಿದವರ ಹಾಗೆ ನಗುತ್ತಿದ್ದಾರೆ, ಫೋನ್ ಮಾಡಬಾರದಾಗಿತ್ತೇ ನನಗೆ. ಓಡಿಹೋಗಿ ಬಾಗಿಲು ತಳ್ಳಬೇಕೆಂದು ಒಂದು ಹೆಜ್ಜೆ ಇಟ್ಟೂ ಇಟ್ಟ. ಆಗ ಸುಮಿತಾಳ ದನಿ ಕೇಳಿಸಿತು.

"ತಾತಾ, ಮಾತಾಡ್ತಾ ಮಾತಾಡ್ತಾ ಬೆಲ್ ಒಡಿಯೋದ್ ಮರ್ತುಬಿಟ್ಟೀಯ. ಅಪ್ಪ ಇವತ್ತು ಕಾರ್ ತಗೊಂಡ್ ಬತ್ತಾನೆ."

"ಮರೆಯೋಕೆ ಅದೇನ್ ನಿನ್ ಕಾಲೇಜ್ ಪಾಠನಾ?" ಇದು ಅಪ್ಪ. "ಗಣೀಲಿ ಬೆಲ್ ಒಡ್ದ್ ಒಡ್ದ್ ಸವ್ದೋಗಿರೋ ಕೈ ಕಣಮ್ಮಯ್ಯಾ ಇದು. ಸದ್ದ್ ಎಷ್ಟ್ ಕಮ್ಮಿ ಮಾಡ್ಸಿದ್ರೂ ಡೇರಿ ತಿರುವ್ನಾಗೆ ಗೊರ್ ಅಂದೇಟ್ಗೆ ಲೋಟದಾಗೆ ಮೂರ್ ಕೊಡ್ತೀನಿ. ಮೂರ್ ಅಂದ್ರೆ?"

"ಆಳು ಬತ್ತಾವ್ರೆ!"

"ಕಾರು ನಿಂತ್ ಮೇಲೆ ಒಂದು. ಒಂದು ಅಂದ್ರೆ?"

"ಎಲ್ಲಾ ನಿಲ್ಸು!" ಎಂದು ತಾಯಿ ಮಗಳು ಒಟ್ಟಿಗೆ ಕೂಗಿ ಮತ್ತೆ ನಕ್ಕರು.

ಒಂದು. ಆ ಒಂದನ್ನು ಮುನೀಂದ್ರ ದಿನಾ ಕೇಳುತ್ತಿದ್ದ. ಕಾರಿನಿಂದ ಇಳಿದು ಹೊಸಿಲು ದಾಟುವಾಗ ಒಳಗೆ ಕಬ್ಬಿಣದ ಮಂಚದ ಕಾಲಿಗೆ ಲೋಟ ತಗುಲುವ ಸದ್ದು, ಠಣ್. ಅಪ್ಪ ನೀರು ಕೇಳುತ್ತಿದ್ದಾನೆ! ಬಾಯಿಬಿಟ್ಟು ಕೇಳಲಾರದ ಜೀವ ಲೋಟ ಬಡಿದು ಕೇಳುತ್ತಿದೆ, ಇವರಿಗೆ ಗ್ಯಾನವೇ ಇಲ್ಲ ಎಂದು ಅವನಿಗೆ ನೆತ್ತಿಗೆ ಏರುತ್ತಿತ್ತು. "ಅಪ್ಪ ನೀರ್ ಕೇಳ್ತಾ ಐತೆ, ಈ ಮನೇಲಿ ಯಾರ್ಗೂ ಕಿವೀನೇ ಇಲ್ವಾ?" ಎಂದು ಬಾಗಿಲಿನಿಂದಲೇ ಶುರುಮಾಡುತ್ತಿದ್ದ. ತಾನೇ ಕೊಡದಿಂದ ಮೊಗೆದು ಲೋಟ ತುಂಬಿಸಿ, ಅಪ್ಪನನ್ನು ಬೆನ್ನಿಗೆ ಕೈಕೊಟ್ಟು ಕೂರಿಸಿ ಕುಡಿಸುತ್ತಿದ್ದ. ಅಪ್ಪ ಅವನ ಮುಖ ನೋಡದೆ ಕೊನೆಯ ಗುಟುಕಿನವರೆಗೂ ಕುಡಿಯುತ್ತಿದ್ದ. ಆ ಒಂದು ಲೋಟ ನೀರಿನಲ್ಲಿ ಮುನೀಂದ್ರ ದಿನಾ ಒಳ್ಳೆಯ ಮಗನಾಗಿ ಮಲಗುತ್ತಿದ್ದ. ಬಾಯಾರಿಕೆಯೇ ಇಲ್ಲದ ಮುದುಕ, ಮಗ ಕೊಟ್ಟನಲ್ಲ ಎಂದು, ಬೇಡ ಎನ್ನಲು ಬಾಯಿ ತೆರೆಯಬೇಕಲ್ಲ ಎಂದು, ಎಷ್ಟು ಕೊಡ ನೀರು ಕುಡಿದಿದ್ದಾನೋ ಭಗವಂತನೇ ಬಲ್ಲ. ಹಾಗಾದರೆ ಗಣಿ? ಅದು ಮುಚ್ಚಿದ ದಿನವೇ ನಿಂತುಹೋದ ಮಾತು? ಅದನ್ನು ಅವನಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ತಾನೇ ಕಟ್ಟಿಕೊಂಡದ್ದು. ಅಪ್ಪ ತನ್ನೊಡನೆ ಯಾಕೆ ಮಾತಾಡುವುದಿಲ್ಲ ಎಂಬುದಕ್ಕೆ ಏನಾದರೊಂದು ದೊಡ್ಡ ಕಾರಣ ಬೇಕಾಗಿತ್ತು, ಕಣ್ಣೆದುರಿಗೇ ಗಣಿ ಮುಚ್ಚಿಕೊಂಡು ಬಿದ್ದಿತ್ತು. ಮಾತು ನಿಂತಿರಲಿಲ್ಲ, ಅವನ ಕಾರಿನ ಸದ್ದು ಬಂದಾಗ ಮಾತ್ರ ನಿಲ್ಲುತ್ತಿತ್ತು. ದಿನಾ ಅವನು ಬಂದು ಸೇರುತ್ತಿದ್ದುದು ಅವನಿಗಾಗಿ ತಯಾರಾಗಿ ಕೂತ ಮನೆಗೆ. ಒಬ್ಬಳು ಒಲೆಯ ಮುಂದೆ, ಒಬ್ಬಳು ಪುಸ್ತಕದ ಮುಂದೆ, ಅಪ್ಪ ಗೋಡೆಯ ಕಡೆಗೆ.

ನಾನೇನು ಹೊಡೆದೆನೇ, ಬಡಿದೆನೇ, ಕುಡಿದು ಬಂದೆನೇ ಎಂದು ಅವನ ಒಳಗೆ ಯಾರೋ ವಾದಕ್ಕೆ ನಿಂತರು. ಎಂದೂ ಇಲ್ಲ. ಮನೆಯಲ್ಲಿ ಯಾವುದೂ ಕೆಟ್ಟು ಕೂರಬಾರದು, ಅಷ್ಟೇ ತಾನೇ ಅವನು ನೋಡಿದ್ದು. ನೀರಿನ ಮೋಟರು ಕೂಗಿದರೆ ಯಾಕೆ ಕೂಗುತ್ತದೆಂದು ಕೇಳಬಾರದೇ? ಸಾರಿಗೆ ಉಪ್ಪು ಕಮ್ಮಿಯಾದರೆ ಕಮ್ಮಿ ಎನ್ನಬಾರದೇ? ಹುಡುಗಿ ಓದುವುದನ್ನು ಬಿಟ್ಟು ಕನ್ನಡಿ ನೋಡಿದರೆ ಒಂದು ಮಾತು, ಅಪ್ಪ ಗಣಿಯ ಹಳೇ ಕಥೆಯನ್ನೇ ತಿರುಗಿಸಿ ತಿರುಗಿಸಿ ಹೇಳಲು ಹೊರಟರೆ ಅದಕ್ಕೂ ಒಂದು ಮಾತು, ಅದು ಅಲ್ಲ ಅಪ್ಪಾ, ಅದು ಹಂಗಲ್ಲ, ನಿಂಗ್ ಗೊತ್ತಾಗಲ್ಲ ಬಿಡು. ತಿದ್ದುತ್ತಿದ್ದ. ಸಡಿಲಾದ ನಟ್ಟನ್ನು ಬಿಗಿ ಮಾಡಿದ ಹಾಗೆ, ಬಂದೊಡನೆ ಒಂದೊಂದನ್ನೇ ಬಿಗಿ ಮಾಡುತ್ತಿದ್ದ. ಸರಿಯಾಯಿತು ಎಂದೇ ಅವನು ತಿಳಿದಿದ್ದ, ಮನೆ ಈಗ ಎಷ್ಟು ತಣ್ಣಗಿದೆ, ಒಂದು ತಕರಾರಿಲ್ಲ ಎಂದು ಆದಿನಾರಾಯಣನ ಹತ್ತಿರ ಕೊಚ್ಚಿಕೊಂಡೂ ಇದ್ದ. ಇರ್ಲಿ ಬಿಡಿ, ಆ ಸದ್ದ್ ಇರ್ಲಿ ಎಂದಿದ್ದಳಲ್ಲ ಶಶಿರೇಖ. ಆ ಹೊತ್ತಿನಲ್ಲಿ ಅವಳ ಕೈ ಪಾತ್ರೆಯ ಮೇಲೆ ಒಂದು ಗಳಿಗೆ ನಿಂತಿತ್ತು. ಅಪ್ಪ ಡಿಕ್ಕಿಯ ಮೇಲೆ ಅಂಗೈ ಇಟ್ಟು ನಿಂತದ್ದು ಸವಾರಿ ಕೇಳಲಿಕ್ಕಲ್ಲ. ಸೈಲೆನ್ಸರು ಒಯ್ಯಬೇಡ ಮಗನೇ ಎಂದು ಹೇಳಲಾರದೆ ನಿಂತಿದ್ದ ಮುದುಕನಿಗೆ, ರೌಂಡ್ ಕರೆದುಕೊಂಡು ಹೋಗುತ್ತೇನೆ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಕೂಗಿ ಹೇಳಿದ್ದನಲ್ಲ! ಅಪ್ಪನ ಕಿವಿಗೇನಾಗಿತ್ತು ಕೂಗಲು? ಡೇರಿ ತಿರುವಿನ ಸದ್ದನ್ನು ಮಂಚದಲ್ಲಿ ಮಲಗಿ ಹಿಡಿಯುವ ಕಿವಿ ಅದು.

"ತಾತಾ, ಆ ಹಸೀಂದು ಮಾಡು. ಅಮ್ಮ ನೋಡಿಲ್ಲ ಅದ್ನ," ಎಂದಳು ಸುಮಿತಾ.

ಮುನೀಂದ್ರ ಗೂಡಿನ ಕಡೆ ತಲೆಯೆತ್ತಿದ. ಹಸುವಿನದು? ಯಾವುದು? ಯಾರೂ ಇರಲಿಲ್ಲವಲ್ಲ ಆವತ್ತು.

ಒಳಗೆ ಮಂಚ ಕಿರುಗುಟ್ಟಿತು, ಅಪ್ಪ ಎದ್ದು ನಿಂತಿರಬೇಕು. "ಬತ್ತಾನೆ ನಿನ್ ಗಂಡ. ಬಾಗ್ಲಾಗ್ ನಿಂತ್ಕೋತಾನೆ. ಗಂಟ್ಲು ಸರಿ ಮಾಡ್ಕೋತಾನೆ." ಗೂಡಿನಿಂದ ಮುನೀಂದ್ರನದೇ ಕೆಮ್ಮು ಬಂತು, ಎರಡು ಗಿಡ್ಡ, ಒಂದು ಉದ್ದ. "'ಶಶೀ, ಈ ಫ್ಯಾನ್ ಯಾಕ್ ಟಿಕ್ ಅಂತೈತೆ? ಈ ಮನೇಲಿ ಯಾರ್ಗೂ ಕಿವೀನೇ ಇಲ್ವಾ?' ಆಯ್ತಾ? ಅಷ್ಟ್ರಾಗೆ ಹಸಿನ್ ಒಟ್ಟೆ ಗುಡುಗುಡು ಅನ್ನೋ ಸದ್ ಕೇಳ್ತು. ತಲೆ ಇಂಗ್ ವಾರೆ ಮಾಡ್ದ. 'ಇದ್ರಾಗೆ ಏನೋ ಮಿಸ್ಸಿಂಗ್ ಐತಲ್ಲಾ.' ಆ ಕಡೆ ನೋಡ್ದ, ಈ ಕಡೆ ನೋಡ್ದ, ಯಾರೂ ಇಲ್ಲ. ನಾನ್ ಕಿಟ್ಕೀಲಿದ್ದೀನಿ. ಕಾರಿಂದ ಆ ಉದ್ದುನ್ ಸ್ಕ್ರೂಡ್ರೈವರ್ ತಂದ. ಹಿಡೀನ ಕಿವಿಗ್ ಇಕ್ಕೊಂಡ. ತುದೀನ ಮೆಲ್ಲುಗೆ ಹಸಿನ್ ಒಟ್ಟೆಗೆ..."

"ಅಯ್ಯೋ ಮಾವ! ನಿಜವಾಗ್ಲೂ?"

"ನಿನ್ನಾಣೆ ಕಣಮ್ಮಾ. ಕಣ್ ಮುಚ್ಕೊಂಡು ಕೇಳ್ತಾವ್ನೆ, ಡಾಕ್ಟ್ರು. ಆ ಹಸೂನೂ ಒಂದ್ ಗಳಿಗೆ ಸುಮ್ಕೆ ನಿಂತ್ಕೊಂತು, ಏನ್ ಯೇಳ್ತಾನೋ ನೋಡಾಣಾ ಅಂತ. ಆಮ್ಯಾಕೆ ಕೊಡ್ತು ನೋಡು ಒಂದು!" ದೊಪ್ಪೆಂದು ಏನೋ ಬಿದ್ದ ಸದ್ದು, ದಿಂಬಿರಬೇಕು. "ಸಗಣಿಯಾಗ್ ಕುಂತವ್ನೆ. ಎದ್ದ. ಚಡ್ಡಿ ಒರ್ಸ್ಕೊಂಡ. ಹಸಿನ್ ಮುಖ ನೋಡಿ ಏನಂದ ಗೊತ್ತಾ? 'ಇನ್ನೂ ಸ್ವಲ್ಪ ಓಡ್ತದೆ, ಈಗ್ಲೇ ಬಿಚ್ಚೋದ್ ಬ್ಯಾಡ.'"

ಅಕ್ಷರ ಅಕ್ಷರವೂ ನಿಜ. ಹೋದ ತಿಂಗಳು ಹಸುವಿಗೆ ಹೊಟ್ಟೆ ಉಬ್ಬರಿಸಿದ್ದಾಗ ಅವನು ಮಾಡಿದ್ದೇ ಅದು. ಒದೆಸಿಕೊಂಡು, ಸುತ್ತ ನೋಡಿ, ಸದ್ಯ ಯಾರೂ ಕಾಣಲಿಲ್ಲ ಎಂದು ದೇವರಿಗೆ ಕೈಮುಗಿದಿದ್ದ. ಅವಮಾನದಿಂದ ಮುಖ ಬಿಗಿಯಬೇಕಾಗಿತ್ತು, ಬಿಗಿಯುತ್ತಲೂ ಇತ್ತು. ಅಷ್ಟರಲ್ಲಿ ಆ ಹಸುವಿನ ಮುಖ ಕಣ್ಣಮುಂದೆ ಬಂತು, ಏನು ಹೇಳುತ್ತಾನೋ ನೋಡೋಣ ಎಂದು ನಿಂತ ಆ ಪೆದ್ದು ಮುಖ, ಅದರ ಹೊಟ್ಟೆಗೆ ಕಿವಿಕೊಟ್ಟು ಕಣ್ಣು ಮುಚ್ಚಿ ನಿಂತ ತಾನು. ಎಲ್ಲಿಂದಲೋ ಏನೋ ಅವನ ಹೊಟ್ಟೆಯಲ್ಲಿ ಗುಳುಗುಳು ಎಂದಿತು. ತಡೆದ. ತುಟಿ ಕಚ್ಚಿದ. ಅದು ಮೂಗಿನಿಂದ ನುಗ್ಗಿತು, ಬಾಯಿ ಒಡೆದು ಹೊರಗೆ ಬಂದೇಬಿಟ್ಟಿತು. ಹೊಂಗೆ ಮರದ ಕೆಳಗೆ ಕಾರಿನ ಮೇಲೆ ಬಗ್ಗಿಕೊಂಡು ಮುನೀಂದ್ರ ನಕ್ಕ. ಕೊಕ್ಕೊಕ್ಕೋ ಎಂದು, ಕಣ್ಣಲ್ಲಿ ನೀರು ಇಳಿಯುವ ಹಾಗೆ, ಪಕ್ಕೆ ನೋಯುವ ಹಾಗೆ ನಕ್ಕ. ತನ್ನ ನಗುವಿನ ಸದ್ದು ಕಿವಿಗೆ ಬಿದ್ದು ಅವನೇ ಬೆಚ್ಚಿದ. ಇಂಥ ಸದ್ದು ತನ್ನೊಳಗೆ ಇತ್ತೇ?

ಒಳಗೆ ಎಲ್ಲವೂ ನಿಂತಿತು.

"ಯಾರದು?" ಎಂದಳು ಸುಮಿತಾ, ಹೆದರಿದ ದನಿಯಲ್ಲಿ.

ನಾನು ಕಣಮ್ಮಾ ಎನ್ನಬೇಕು. ಎರಡೇ ಮಾತು. ಬಾಯಿ ತೆರೆದ. ನಾನು 'ನಾನು' ಎಂದರೆ ಒಳಗೆ ಲೋಟ ಮಂಚದ ಕಾಲಿಗೆ ತಗಲುತ್ತದೆ, ಠಣ್, ಎಲ್ಲಾ ನಿಲ್ಸು.

"ಯಾರಪ್ಪಾ ಅದು ಹಿತ್ಲಾಗೆ?" ಶಶಿರೇಖಳ ದನಿ ಗೂಡಿನ ಹತ್ತಿರ ಬಂತು. ಹೊರಗಿನ ಗಂಡಸರೊಡನೆ ಆಡುವ ಮರ್ಯಾದೆಯ, ದೂರದ ದನಿ. "ನಮ್ಮನೆಯವ್ರು ಇಲ್ಲ. ಊರಿಗಾಂಗೆ ಓಗವ್ರೆ. ಏನಾರಾ ಯೇಳ್ಬೇಕಾಗಿತ್ತಾ?"

ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಹೆಂಡತಿಗೆ ತನ್ನ ನಗು ಗೊತ್ತಾಗಲಿಲ್ಲ. ಅವಳದೇನು ತಪ್ಪು? ಅವಳು ಕೇಳಿಯೇ ಇಲ್ಲವಲ್ಲ. ನಗುವೋ ಅಳುವೋ ತಿಳಿಯದ ಯಾರದೋ ದನಿಯಲ್ಲಿ ಅವನು, "ಏನಿಲ್ಲಮ್ಮಾ... ಆಮ್ಯಾಕೆ ಬತ್ತೀನಿ," ಎಂದ.

"ಎಷ್ಟ್ ನಗ್ತಿದ್ರಲ್ಲಮ್ಮಾ ಅವ್ರು," ಎಂದಳು ಸುಮಿತಾ ಒಳಗೆ.

"ನಾಯೀನೂ ಬೊಗಳ್ಲಿಲ್ಲ ನೋಡು," ಎಂದ ಅಪ್ಪ. "ಯಾರೋ ಒಳ್ಳೆ ಮನ್ಸ ಇರ್ಬೇಕು. ಒಳಕ್ ಕರ್ದು ಒಂದ್ ಲೋಟ ಕಾಫಿ ಕೊಡ್ಬಾರ್ದಾಗಿತ್ತಾ?"

ಮುನೀಂದ್ರ ಕಾರಿನೊಳಗೆ ಕೂತು ಬಾಗಿಲನ್ನು ಮುಚ್ಚದೆ ಹಾಗೇ ಹಿಡಿದುಕೊಂಡ. ಎಂಜಿನ್ ಶುರುಮಾಡಲು ಧೈರ್ಯವಾಗಲಿಲ್ಲ, ಇಷ್ಟು ಮೆತ್ತಗಿನ ಸದ್ದನ್ನೂ ಅಪ್ಪ ಹಿಡಿದಾನು. ಹ್ಯಾಂಡ್‌ಬ್ರೇಕ್ ಬಿಟ್ಟ. ಕಾರು ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ಜಾರಿತು. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿದಿತ್ತು, ಎರಡೂ ಕೈಯಲ್ಲಿ ತಿರುಗಿಸುತ್ತ, ತಾನು ಕಟ್ಟಿಸಿದ ಮನೆಯಿಂದ ಕಳ್ಳನ ಹಾಗೆ ಡೇರಿ ತಿರುವಿನವರೆಗೂ ಇಳಿದುಬಂದ. ಎಮ್ಮೆ ಅಲ್ಲೇ ಮಲಗಿತ್ತು. ಡೇರಿಯ ಜಗಲಿಯಿಂದ ಮುನಿನಾರಾಯಣಪ್ಪ, "ಏನ್ಲಾ ಮುನೀಂದ್ರ, ಅಷ್ಟೆಲ್ಲಾ ಮಾಡ್ಸಿ ಹಿಂದುಕ್ ಓಡಿಸ್ತಾ ಇದ್ದೀಯ?" ಎಂದು ಕೂಗಿ ನಕ್ಕ. ಮುನೀಂದ್ರ ಕಣ್ಣು ಒರೆಸಿಕೊಂಡ. ಹೀಗೇ ಬಂಗಾರಪೇಟೆಗೆ ಹೋಗಿಬಿಡಲೇ ಎನಿಸಿತು. ಆಮೇಲೆ ಬರುತ್ತೇನೆ ಎಂದು ಹೇಳಿಬಿಟ್ಟಿದ್ದ. ಕೀಲಿ ತಿರುಗಿಸಿ, ಹಾರನ್ನಿನ ಮೇಲೆ ಅಂಗೈ ಊರಿ, ಊರಿಗೆಲ್ಲ ಕೇಳುವ ಹಾಗೆ ಒತ್ತಿಹಿಡಿದ. ಎಮ್ಮೆ ಎದ್ದು ನಿಂತಿತು. ಒಳಗೆ ಎಲ್ಲರೂ ಅವರವರ ಜಾಗಕ್ಕೆ ಹೋಗುವಷ್ಟು ಹೊತ್ತು ಕೊಟ್ಟು, ಮೊದಲನೇ ಗೇರಿನಲ್ಲಿ, ನಡೆದುಕೊಂಡು ಬರುವವನ ವೇಗದಲ್ಲಿ ಮನೆಗೆ ಬಂದ.

ಬಾಗಿಲು ಬಡಿದು ಇಳಿದಾಗ ಒಳಗೆ ಠಣ್ ಎಂದಿತು. ಹೊಸಿಲು ದಾಟಿದ. ಶಶಿರೇಖ ಒಲೆಯ ಮುಂದೆ, ಸುಮಿತಾ ಪುಸ್ತಕದ ಮುಂದೆ, ಅಪ್ಪ ಗೋಡೆಯ ಕಡೆಗೆ. ಅಪ್ಪನ ದಿಂಬು ಮಾತ್ರ ನೆಲದ ಮೇಲೆ ಬಿದ್ದಿತ್ತು. ಫ್ಯಾನು ಟಿಕ್ ಟಿಕ್ ಎನ್ನುತ್ತಿತ್ತು. ಗಂಟಲು ಸರಿಮಾಡಿಕೊಳ್ಳಲು ಹೋದವನು ತಡೆದುಕೊಂಡ. ದಿಂಬನ್ನೆತ್ತಿ ಅಪ್ಪನ ತಲೆಯ ಅಡಿಗೆ ಇಟ್ಟ. ನೀರು ಬರುತ್ತದೆಂದು ಅಪ್ಪ ಆಗಲೇ ಲೋಟ ಹಿಡಿದ ಕೈಯನ್ನು ಮಂಚದಿಂದ ಈಚೆಗೆ ಚಾಚಿದ್ದ.

"ಬಾಯಾರ್ದಿದ್ರೆ ಬ್ಯಾಡ ಬಿಡಪ್ಪಾ," ಎಂದ ಮುನೀಂದ್ರ.

ಚಾಚಿದ ಕೈ ಅಲ್ಲೇ ನಿಂತಿತು.

"ಕಾರ್ ಸದ್ದೇ ಬರ್ಲಿಲ್ವಲ್ಲಪ್ಪಾ," ಎಂದಳು ಸುಮಿತಾ, ಪುಸ್ತಕದಿಂದ ಕಣ್ಣೆತ್ತದೆ.

"ಅದ್ಕೇ ಆರನ್ ಒಡ್ದೆ. ಇನ್ಮ್ಯಾಕೆ ದಿನಾ ಡೇರಿ ತಿರುವ್ನಾಗೆ ಒಡೀತೀನಿ."

ಶಶಿರೇಖಳ ಸೌಟು ಪಾತ್ರೆಯಲ್ಲಿ ನಿಂತಿತು. ಅವಳು ತಿರುಗಿ ಅವನ ಮುಖ ನೋಡಿದಳು, ಕೆಂಪಗಾದ ಅವನ ಕಣ್ಣು ನೋಡಿದಳು. "ಯಾರೋ ಬಂದಿದ್ರು ನಿಮ್ಮನ್ ಕೇಳ್ಕೊಂಡು," ಎಂದಳು ಮೆಲ್ಲಗೆ. "ಎಸ್ರು ಯೇಳ್ಲಿಲ್ಲ. ಆಮ್ಯಾಕೆ ಬತ್ತೀನಿ ಅಂದ್ರು."

ಮುನೀಂದ್ರ ಮಂಚದ ತುದಿಯಲ್ಲಿ ಕೂತ. ನಗಬೇಕೆಂದುಕೊಂಡ, ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ.

"ಇನ್ನೊಂದ್ ಸಲ ಬಂದ್ರೆ ಒಳಕ್ ಕರ್ದು ಕೂರ್ಸು," ಎಂದ.

ಗೋಡೆಯ ಕಡೆ ತಿರುಗಿದ್ದ ಅಪ್ಪ "ಊಂ" ಎಂದ. ಲೋಟವನ್ನು ಸದ್ದಾಗದ ಹಾಗೆ ನೆಲಕ್ಕೆ ಇಟ್ಟ.